ಬದುಕುಳಿದವರಿಗೆ ಸೇರತಕ್ಕದ್ದು

ಫೆಬ್ರವರಿ ೯, ಭಾನುವಾರ

‘ನೆರೆದಿರುವ ಎಲ್ಲರಿಗೂ ಧನ್ಯವಾದಗಳು. ಕೆಲಸ ಬಿಟ್ಟು ಬಂದಿದ್ದೀರಿ. ಕೆಲವರು ಕೆಲಸವಿಲ್ಲದೆಯೂ ಬಂದಿದ್ದೀರಿ. ಇಬ್ಬರಿಗೂ ಸಮನಾಗಿ ಕೃತಜ್ಞ. ಕುರ್ಚಿ ಸಾಲದೆ ನಿಂತವರಿಗೆ ವಿಶೇಷ ಕೃತಜ್ಞತೆ, ಏಕೆಂದರೆ ನಿಂತವರು ಬೇಗ ಹೊರಡುತ್ತಾರೆ. ಆದರೆ ನೀವು ತಂದಿರುವ ಸಾಂತ್ವನವನ್ನು ಹೋಗುವಾಗ ದಯವಿಟ್ಟು ಜೊತೆಗೇ ಒಯ್ಯಬೇಕು. ಸತ್ತಿರುವುದು ನನ್ನ ಮಗ. ಬಣ್ಣದ ಅಂಗಡಿಯ ಸರದಿಯಲ್ಲಿ ನಿಂತಿದ್ದವನು ಮಿದುಳಿನ ರಕ್ತನಾಳ ಒಡೆದು ಕುಸಿದ. ಇದರಲ್ಲಿ ದೇವರ ಇಚ್ಛೆ, ವಿಧಿಯ ಆಟ, ಒಳ್ಳೆಯವರನ್ನೇ ಬೇಗ ಕರೆಸಿಕೊಳ್ಳುವ ಏರ್ಪಾಡು, ಇವು ಯಾವುದರ ಕೈವಾಡವನ್ನೂ ವೈದ್ಯರು ದಾಖಲಿಸಿಲ್ಲ. ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು ಎಂದು ಹಲವರು ಹೇಳಿದಿರಿ. ಭಾಗ ಮಾಡುವ ಸ್ವತ್ತಿಗೆ ಅಳತೆ ಇರಬೇಕು, ನಾಲ್ಕು ದಿಕ್ಕಿಗೂ ಚೆಕ್ಕುಬಂದಿ ಇರಬೇಕು. ಇದಕ್ಕೆ ಎರಡೂ ಇಲ್ಲ. ಚಹಾ ಹೊರಗಡೆ ಇಟ್ಟಿದ್ದಾರೆ.’

ಇಂದಿನ ಸಂತಾಪ ಸಭೆಯಲ್ಲಿ ನಾನು ಆಡಿದ್ದು ಇಷ್ಟೇ. ನಾಳೆಯೊಳಗೆ ನನ್ನ ತಂಗಿಯ ಬಾಯಲ್ಲಿ ಇದು ಬೇರೆಯೇ ರೂಪ ತಾಳುವುದು ಖಚಿತವಾದ್ದರಿಂದ ಯಥಾವತ್ತಾಗಿ ಬರೆದಿಡುತ್ತಿದ್ದೇನೆ. ಕಾಲೇಜಿನ ಚರ್ಚಾಕೂಟಗಳಲ್ಲಿ ಇದಕ್ಕಿಂತ ದುರ್ಬಲವಾದ ಮಾತಿಗೂ ಚಪ್ಪಾಳೆ ಬೀಳುತ್ತಿತ್ತು. ಇಂದು ಬೀಳಲಿಲ್ಲ. ಸಭಿಕರ ಮಟ್ಟ ಇಳಿದಿದೆ.

ತಂಗಿ ಬಂದು ಪಕ್ಕದಲ್ಲಿ ಕುಳಿತಳು. "ಅಣ್ಣ, ಜನ ಅಳೋಕೆ ಅಂತ ಬಂದಿದ್ರು. ಅಳೋಕೂ ಬಿಡಲಿಲ್ಲ ನೀನು."

"ಹೊರಗೆ ಜಾಗ ಇತ್ತು."

"ನಿನ್ನ ಬಾಯಿಗೆ ಯಾರೂ ನಿಲ್ಲೋಕಾಗಲ್ಲ ಬಿಡು. ಅದಕ್ಕೇ ಯಾರೂ ನಿಂತಿಲ್ಲ."

ಸೊಸೆಯೊಬ್ಬಳೇ ನಿಂತು ಚಹಾ ಪೂರ್ತಿ ಕುಡಿದಳು. ಲೋಟ ತೊಳೆದಿಟ್ಟು, "ಹೊರಟೆ ಮಾವ, ತೊಲೆಗೆ ಕೊಟ್ಟಿರೋ ಆಧಾರ ಜರುಗಿದ್ಯಾ ನೋಡ್ಬೇಕು" ಎಂದು ಬಸ್ಸಿಗೆ ಹೋದಳು. ಗಂಡನ ಸಂತಾಪ ಸಭೆಯಿಂದ ಒಂದು ಮರದ ತುಂಡಿನ ಕ್ಷೇಮ ವಿಚಾರಿಸಲು ಹೊರಟ ಹೆಂಗಸನ್ನು ನಾನು ಮೊದಲ ಬಾರಿಗೆ ನೋಡಿದ್ದು.

ಫೆಬ್ರವರಿ ೧೧, ಮಂಗಳವಾರ

ಹೋಟೆಲಿನವರು ಬಂದಿದ್ದರು. ಸಭೆ ಮುಗಿದು ಎರಡು ದಿನ ಕಾದಿದ್ದಾರೆ. ಅವರ ಉದ್ಯಮದಲ್ಲಿ ಇದಕ್ಕೆ ಸಂಯಮ ಎನ್ನುತ್ತಾರಂತೆ. ಊರಾಚೆ ಕೆರೆಯ ದಂಡೆಯಲ್ಲಿರುವ ಹಳೆಯ ಬಂಗಲೆ ಅವರಿಗೆ ಬೇಕು. ಅದು ನನ್ನ ಮತ್ತು ಜಂಟಿ ಮಾಲೀಕನ ಹೆಸರಿನಲ್ಲಿದೆ. ಕ್ರಯಪತ್ರದಲ್ಲಿ ಮಗನಿಗೆ ಇರುವುದು ಆ ಹೆಸರೇ. ಇಲ್ಲಿಯೂ ಅದೇ ಇರಲಿ; ಬರೆಯಲು ಸುಲಭ.

ಪತ್ರವನ್ನು ಕರಡು ಮಾಡಿದವನು ನಾನು. ನೋಂದಣಿ ಕಚೇರಿಯ ಕುರ್ಚಿಯಲ್ಲಿ ಒಂದು ಆಯುಷ್ಯ ಕಳೆದವನು, ಅಪ್ಪ ಸತ್ತ ಮೇಲೆ ಮಕ್ಕಳು ಆಸ್ತಿಗಾಗಿ ಮೇಜಿನಿಂದ ಮೇಜಿಗೆ ಅಲೆಯುವುದನ್ನು ನೋಡಿ ನೋಡಿ ಬೇಸತ್ತವನು. ಆದ್ದರಿಂದ ಒಂದು ಷರತ್ತು ಸೇರಿಸಿದೆ: ‘ಇಬ್ಬರ ಪೈಕಿ ಒಬ್ಬರು ಕಾಲವಾದಲ್ಲಿ ಇಡೀ ಸ್ವತ್ತು ಬದುಕುಳಿದವರಿಗೆ ಸೇರತಕ್ಕದ್ದು.’ ನಾನು ಹೋದ ಮರುದಿನವೇ ಅವನು ಯಾರ ಮೇಜಿನ ಮುಂದೂ ನಿಲ್ಲದೆ ಮಾಲೀಕನಾಗಬೇಕು ಎಂಬುದು ಉದ್ದೇಶ. ಷರತ್ತಿನಲ್ಲಿ ಒಂದಕ್ಷರದ ದೋಷವಿಲ್ಲ. ಅದು ಅಚ್ಚುಕಟ್ಟಾಗಿ ಕೆಲಸ ಮಾಡಿದೆ. ಯಾರ ಮೇಜಿನ ಮುಂದೂ ನಿಲ್ಲದೆ ನಾನು ಮಾಲೀಕನಾಗಿದ್ದೇನೆ.

ಸೊಸೆಯ ಹೆಸರು ಪತ್ರದಲ್ಲಿ ಎಲ್ಲಿಯೂ ಇಲ್ಲ. ಅವಳು ಈಗ ಆ ಬಂಗಲೆಯಲ್ಲಿ ವಾಸವಾಗಿರುವುದು, ಕಾನೂನಿನ ಮಾತಿನಲ್ಲಿ ಹೇಳುವುದಾದರೆ, ನನ್ನ ಅನುಮತಿಯಿಂದ. ಅನುಮತಿ ಕೊಟ್ಟ ನೆನಪು ನನಗಿಲ್ಲ.

ಮಾರಿ, ಅವಳಿಗೆ ಸಲ್ಲತಕ್ಕದ್ದನ್ನು ಸಲ್ಲಿಸಿ, ಮುಗಿಸುವುದು. ಶನಿವಾರ ಹೋಗಿ ತಿಳಿಸಿ ಬರುತ್ತೇನೆ. ಎರಡು ಜೊತೆ ಬಟ್ಟೆ ಸಾಕು.

ಫೆಬ್ರವರಿ ೧೫, ಶನಿವಾರ

ಬಂಗಲೆಗೆ ಬಂದೆ. ಕ್ರಯಕ್ಕೆ ಮುಂಚೆ ಒಮ್ಮೆ ನೋಡಿದ್ದೆ, ಅದೂ ಕಾಗದ ಹಿಡಿದು. ಕಾಗದದಲ್ಲಿ ಕಟ್ಟಡಗಳು ಯಾವಾಗಲೂ ಚೆನ್ನಾಗಿರುತ್ತವೆ.

ಈ ಮನೆಗೆ ಮುಖ ಯಾವುದು, ಬೆನ್ನು ಯಾವುದು ಎಂಬ ಬಗ್ಗೆ ಒಮ್ಮತವಿಲ್ಲ. ಕಟ್ಟಿಸಿದವನು ಈ ಕೆರೆಯ ಮೇಲೆ ದೋಣಿ ಓಡಿಸುವ ಗುತ್ತಿಗೆ ಹಿಡಿದಿದ್ದವ. ತನ್ನ ದೋಣಿಗಳು ಕಾಣಲೆಂದು ನೀರಿನ ಕಡೆಗೆ ಉದ್ದನೆಯ ಹಜಾರ ಕಟ್ಟಿಸಿ, ಸಾಲಾಗಿ ಕಮಾನು ಬಾಗಿಲು ಇಡಿಸಿ, ಮೆಟ್ಟಿಲುಗಳನ್ನು ನೇರವಾಗಿ ನೀರಿಗೇ ಇಳಿಸಿದ್ದಾನೆ. ರಸ್ತೆಯಿಂದ ಬರುವವರಿಗೆ ಅಡುಗೆಮನೆಯ ಹೊಗೆಗೂಡು ದರ್ಶನ ಕೊಡುತ್ತದೆ. ರಸ್ತೆಯಿಂದ ಬರುವವರು ಸಾಲಗಾರರೇ ಆಗಿದ್ದಿರಬೇಕು. ಅವನಿಂದ ಕೊಂಡವರು ಒಬ್ಬ ನ್ಯಾಯಾಧೀಶರು. ಹಜಾರದ ನಟ್ಟನಡುವೆ, ಉದ್ದಕ್ಕೂ, ನೆಲದಿಂದ ತೊಲೆಯ ತನಕ ಇಟ್ಟಿಗೆಯ ಗೋಡೆ ಎಬ್ಬಿಸಿದರು. ಕೆರೆ ಒಂದು ಕಡೆ ಉಳಿಯಿತು, ಮನೆ ಒಂದು ಕಡೆ. ಮೂರನೆಯವನು ಕೂದಲೆಣ್ಣೆ ತಯಾರಿಸಿ ಸಿರಿವಂತನಾದವನು. ಮೂಲೆಯಲ್ಲಿ ಒಂದು ಗೋಪುರ ಸೇರಿಸಿದ್ದಾನೆ, ನೋಡಿದರೆ ಸೀಸೆಯ ಮೇಲಿನ ಬಿರಡೆಯ ಹಾಗಿದೆ. ನಾಲ್ಕನೆಯದು ನೀರಾವರಿ ಇಲಾಖೆ. ಇಡೀ ಜಿಲ್ಲೆಯ ನೀರನ್ನು ನಿಯಂತ್ರಿಸಿದ ಆ ಕಚೇರಿಗೆ ತನ್ನ ಮಾಡಿನಿಂದ ಇಳಿಯುವ ನೀರನ್ನು ನಿಯಂತ್ರಿಸಲು ಆಗಲಿಲ್ಲ. ಇಲಾಖೆ ಖಾಲಿ ಮಾಡಿದ ಮೇಲೆ ಹರಾಜು. ಆಮೇಲೆ ನಾವು.

ಪ್ರತಿಯೊಬ್ಬ ಮಾಲೀಕನೂ ಹಿಂದಿನವನಿಗೆ ಎದುರು ವಾದ ಹೂಡಿದ್ದಾನೆ, ಇಟ್ಟಿಗೆಯಲ್ಲಿ. ಅಧ್ಯಕ್ಷರಿಲ್ಲದ ಚರ್ಚಾಕೂಟ.

ಸೊಸೆ ನೀರಿನಂಚಿನ ದೋಣಿಮನೆಯಲ್ಲಿದ್ದಳು; ಹಿಂದೆ ದೋಣಿ ನಿಲ್ಲಿಸುತ್ತಿದ್ದ ಕೊಟ್ಟಿಗೆ, ಈಗ ಅವಳ ಕಾರ್ಯಾಗಾರ. ಹಳೆಯ ಪೀಠೋಪಕರಣ ದುರಸ್ತಿ ಮಾಡುವುದು ಅವಳ ಕಸುಬು. ಸ್ನಾತಕೋತ್ತರ ಪದವಿ ಪಡೆದು ಕುರ್ಚಿಗಳಿಗೆ ಕಾಲು ಜೋಡಿಸುತ್ತಾಳೆ. ಸುತ್ತ ಹತ್ತಾರು ಕುರ್ಚಿಗಳು ಬೆನ್ನಿಲ್ಲದೆ, ಕಾಲಿಲ್ಲದೆ ಬಿದ್ದಿದ್ದವು. ಯುದ್ಧಭೂಮಿಯ ಆಸ್ಪತ್ರೆಯ ಹಾಗಿತ್ತು.

"ಮಾರಬೇಕೆಂದಿದ್ದೇನೆ" ಎಂದೆ.

ಉಳಿ ಕೆಳಗಿಡಲಿಲ್ಲ. "ಮನೆ ರೂಲು ಗೊತ್ತಲ್ಲ ಮಾವ? ಮೊದಲು ನನ್ನ ಕಡೆ ವಾದ ನೀವು ಹೇಳ್ಬೇಕು. ಹೌದು, ಇದೇ ನನ್ನ ಮಾತು ಅಂತ ನಾನು ಒಪ್ಬೇಕು. ಆಮೇಲೆ ನಿಮ್ಮ ವಾದ."

ನಿಯಮ ನನ್ನದೇ. ಜಂಟಿ ಮಾಲೀಕ ಶಾಲೆಗೆ ಹೋಗುತ್ತಿದ್ದಾಗ ಊಟದ ಮೇಜಿನಲ್ಲಿ ಜಾರಿಗೆ ತಂದದ್ದು: ಎದುರಾಳಿಯ ವಾದವನ್ನು ಎದುರಾಳಿ ಒಪ್ಪುವಂತೆ ಮಂಡಿಸಿದ ಮೇಲೆಯೇ ಅದನ್ನು ಖಂಡಿಸುವ ಹಕ್ಕು. ಅವನು ಪ್ರತಿ ಸಲವೂ ನನ್ನ ವಾದವನ್ನು ಎಷ್ಟು ಸೊಗಸಾಗಿ ಮಂಡಿಸುತ್ತಿದ್ದನೆಂದರೆ, ಕೊನೆಗೆ ಅದನ್ನೇ ಒಪ್ಪಿ ಎದ್ದುಹೋಗುತ್ತಿದ್ದ. ಸೊಸೆಗೆ ಈ ನಿಯಮ ಯಾರು ಕಲಿಸಿದರೆಂದು ಕೇಳುವ ಅಗತ್ಯವಿಲ್ಲ.

ಐದು ನಿಮಿಷದ ಕೆಲಸ. ನಾಳೆ ಬೆಳಿಗ್ಗೆ ಹೇಳಿ ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇನೆ.

ಫೆಬ್ರವರಿ ೧೬, ಭಾನುವಾರ

ಹೊರಡಲಿಲ್ಲ. ಬಸ್ಸಿನ ತಪ್ಪಲ್ಲ.

ಬೆಳಿಗ್ಗೆ ಅವಳೆದುರು ನಿಂತು ಮಂಡಿಸಿದೆ: "ಬಾಡಿಗೆಯಿಲ್ಲದ ಕಾರ್ಯಾಗಾರ, ಧಾರಾಳವಾದ ಗಾಳಿ, ಮರ ಇಡಲು ಜಾಗ. ಊರೊಳಗೆ ಇಂಥದ್ದು ಸಿಗುವುದಿಲ್ಲ. ಆದ್ದರಿಂದ ಮಾರಬಾರದು."

"ಒಪ್ಪಲ್ಲ. ಇಷ್ಟೇ ಆಗಿದ್ರೆ ಒಂದು ಶೆಡ್ ಹಾಕ್ಕೋತಿದ್ದೆ."

ಮಧ್ಯಾಹ್ನ ಇನ್ನೊಂದು ಪ್ರಯತ್ನ. ಈ ಬಾರಿ ತುಸು ಧ್ವನಿ ತಗ್ಗಿಸಿದೆ. ಇಂಥ ವಾದಕ್ಕೆ ಅದು ಒಪ್ಪುತ್ತದೆ. "ಇದು ನಿನ್ನ ಗಂಡನ ಕನಸು. ಕಟ್ಟಡ ವಿನ್ಯಾಸಕಾರನಾಗಿ ಅವನು ತನ್ನದೆಂದು ಆರಿಸಿಕೊಂಡ ಒಂದೇ ಮನೆ. ಅದನ್ನು ಅರ್ಧಕ್ಕೆ ಬಿಡುವುದು ಅವನನ್ನು ಬಿಟ್ಟ ಹಾಗೆ."

ಸೊಸೆ ನಕ್ಕಳು. ಅವಳು ನಕ್ಕದ್ದನ್ನು ನೋಡಿ ಎಷ್ಟೋ ದಿನವಾಗಿತ್ತು. ನನ್ನ ವಾದಕ್ಕೆ ನಕ್ಕದ್ದು ಮಾತ್ರ ಅನುಚಿತ.

"ಅವರ ಕನಸಾ ಮಾವ? ಅವರಿಗೆ ಈ ಮನೆ ಕಂಡ್ರೆ ಆಗ್ತಿರ್ಲಿಲ್ಲ. ಹಗಲೇ ಸೊಳ್ಳೆಪರದೆ ಒಳಗೆ ಕೂತು ನಕ್ಷೆ ಬರೀತಿದ್ರು. ಆ ಗೋಪುರ ನೋಡಿದ್ರೆ ಹಲ್ಲುನೋವು ಬರುತ್ತೆ ಅಂತಿದ್ರು. ಹರಾಜಿಗೆ ಮುಂಚೆ ಇಲ್ಲಿನ ಬೀರು ರಿಪೇರಿಗೆ ಅಂತ ಬಂದವಳು ನಾನು. ನೋಡಿ ಹಟ ಹಿಡಿದವಳೂ ನಾನೇ."

"ಅವನು ನನ್ನೆದುರು ಒಂದು ಗಂಟೆ ವಾದಿಸಿದನಲ್ಲ, ತನಗೆ ಬೇಕೆಂದು."

"ನನಗೆ ಬೇಕು ಅಂದಿದ್ರೆ ನೀವು ಒಪ್ತಿದ್ರಾ?"

ಉತ್ತರಿಸುವಷ್ಟು ಮಹತ್ವದ ಪ್ರಶ್ನೆಯಲ್ಲ.

ಆದರೆ ಆ ಒಂದು ಗಂಟೆ ನೆನಪಿದೆ. ತೊಲೆ, ಕಮಾನು, ಬೆಳಕು ಎಂದೆಲ್ಲ ಅವನು ಹೇಳುತ್ತ ಹೋದ. ಎಂದೂ ಇಲ್ಲದ ಹಟ. ನಾನು ಸೋತೆ. ಜೀವಮಾನದಲ್ಲಿ ನನ್ನೆದುರು ಅವನು ಗೆದ್ದ ಏಕೈಕ ವಾದ, ಅದೂ ಬೇರೊಬ್ಬರ ಪರವಾಗಿ, ತಾನು ನಂಬದ ಪಕ್ಷಕ್ಕೆ. ಚರ್ಚಾಪಟುವಿಗೆ ಇದಕ್ಕಿಂತ ದೊಡ್ಡ ಅರ್ಹತೆ ಇಲ್ಲ. ಬೆಳ್ಳಿಯ ಬಟ್ಟಲು ಕೊಡಬೇಕಾಗಿತ್ತು. ಕೊಡಲಿಲ್ಲ, ಗೊತ್ತಿರಲಿಲ್ಲ.

ಫೆಬ್ರವರಿ ೨೨, ಶನಿವಾರ

ಬಟ್ಟೆ ತರಲು ಊರಿಗೆ ಹೋಗಿ ಬಂದೆ. ಮಾರಾಟ ಮುಗಿಯುವ ತನಕ ಸ್ವತ್ತಿನ ಮೇಲೆ ಕಣ್ಣಿಡುವುದು ಮಾಲೀಕನ ಕರ್ತವ್ಯ. ಉತ್ತರದ ಕೋಣೆಯನ್ನು ಇಟ್ಟುಕೊಂಡಿದ್ದೇನೆ.

ಇಂದು ಹೋಟೆಲಿನವರು ಬಂದು ಮನೆ ಸುತ್ತಿದರು. ಮಾಡು ಸೋರುವುದು, ಗೋಪುರ ವಾಲಿರುವುದು ಯಾವುದೂ ಅವರ ಕಣ್ಣಿಗೆ ಬೀಳಲಿಲ್ಲ. ನ್ಯಾಯಾಧೀಶರ ಗೋಡೆಯ ಮುಂದೆ ನಿಂತು ಗದ್ಗದಿತರಾದರು.

"ಇದನ್ನ ಮುಟ್ಟೋದೇ ಇಲ್ಲ ಸರ್. ಈ ಗೋಡೆಗೊಂದು ಕಥೆ ಇದೆ. ನ್ಯಾಯಾಧೀಶರ ಮಗಳು ಈ ಕೆರೆಯಲ್ಲಿ ಮುಳುಗಿಹೋದಳು. ಇನ್ನು ನೀರು ಕಣ್ಣಿಗೆ ಬೀಳಬಾರದು ಅಂತ ಆ ತಂದೆ ಗೋಡೆ ಕಟ್ಟಿಸಿದ್ರು. ಇಲ್ಲೊಂದು ಮಂದ ದೀಪ, ಎರಡು ಸಾಲು ಬರಹ. ಅತಿಥಿಗಳು ಇದರ ಮುಂದೆ ನಿಂತು ಊಟಕ್ಕೆ ಹೋಗ್ತಾರೆ."

"ಹಸಿವಾಗುತ್ತದೆಯೇ?"

"ಮನಸ್ಸು ತುಂಬಿ ಬಂದಾಗ ಜನ ಚೆನ್ನಾಗಿ ಊಟ ಮಾಡ್ತಾರೆ ಸರ್, ನಮ್ಮ ಅನುಭವ." ಮತ್ತೆ ದನಿ ತಗ್ಗಿಸಿ, "ಈಗ ನಿಮ್ಮದೂ... ಇದೇ ಮನೆ, ಇದೇ ಕೆರೆ. ಬೇಕಾದ್ರೆ ನಾವು ತುಂಬ ಗೌರವದಿಂದ..."

"ನನ್ನ ಮಗ ಸತ್ತದ್ದು ಬಣ್ಣದ ಅಂಗಡಿಯಲ್ಲಿ."

"ಊರಲ್ಲಿ ಈಜೋಕೆ ಹೋಗಿ ಅಂತಾರಲ್ಲ ಸರ್."

ಸಂತಾಪ ಸಭೆ ಮುಗಿದು ಎರಡು ವಾರ ಕೂಡ ಆಗಿಲ್ಲ. ಊರು ಅವನನ್ನು ಕೆರೆಗೆ ಇಳಿಸಿಯಾಗಿದೆ. ಬಣ್ಣದ ಅಂಗಡಿಯ ಸಾವಿಗೆ ಮಾರುಕಟ್ಟೆಯಿಲ್ಲ. ಇನ್ನು ಕೆಲವು ವರ್ಷಕ್ಕೆ ಅವನೂ ಆ ಹುಡುಗಿಯೂ ಒಂದೇ ಬರಹದಲ್ಲಿ ಕೈಕೈ ಹಿಡಿದು ತೇಲುತ್ತಾರೆ, ನಾನು ಮಂದ ದೀಪದ ಕೆಳಗೆ ನಿಂತಿರುತ್ತೇನೆ.

ಹೋಟೆಲಿನವರು ಹೋದ ಮೇಲೆ ಸೊಸೆ ಏಣಿ ತಂದು ಗೋಡೆಗೆ ಒರಗಿಸಿದಳು. "ಹತ್ತಿ ಮಾವ. ಬೀಳಲ್ಲ, ನಾನು ಹಿಡಿದಿರ್ತೀನಿ."

ಹತ್ತಿದೆ. ಗೋಡೆಯ ತಲೆಗೂ ತೊಲೆಯ ಹೊಟ್ಟೆಗೂ ನಡುವೆ ಕಲ್ಲಿನ ಚಪ್ಪಡಿಗಳನ್ನು ಬೆಣೆಯಂತೆ ಬಡಿದು ಬಿಗಿಮಾಡಿದ್ದಾರೆ. ತೊಲೆಯಲ್ಲಿ ಉದ್ದಕ್ಕೂ ನನ್ನ ಬೆರಳು ಇಳಿಯುವಷ್ಟು ಬಿರುಕು. ದೋಣಿ ಗುತ್ತಿಗೆದಾರ ಅವಸರಕ್ಕೆ ಹಸಿಮರ ಹಾಕಿಸಿದ್ದಾನೆ. ಅದು ಒಣಗುತ್ತ ಸೀಳಿದೆ, ಮೇಲಂತಸ್ತು ಕುಸಿಯತೊಡಗಿದೆ, ನ್ಯಾಯಾಧೀಶರು ಕೆಳಗೊಂದು ಗೋಡೆ ಕೊಟ್ಟು ನಿಲ್ಲಿಸಿದ್ದಾರೆ. ಅಷ್ಟೇ. ದುಃಖಕ್ಕೆ ಕಟ್ಟಿದ ಗೋಡೆಗೆ ಬೆಣೆ ಬೇಕಿಲ್ಲ.

ಇಷ್ಟು ಆನಂದದಿಂದ ನಾನು ಏಣಿ ಇಳಿದದ್ದು ನೆನಪಿಲ್ಲ. ಹೊಸ ತೊಲೆ ಏರಿಸಿ ಈ ಗೋಡೆ ಬಿಡಿಸುವುದೇ ಅವರಿಬ್ಬರ ಯೋಜನೆಯಾಗಿತ್ತಂತೆ. ತೊಲೆ ಸಿದ್ಧವಾಗಿ ದೋಣಿಮನೆಯಲ್ಲಿ ಮಲಗಿದೆ. ಅದಕ್ಕೆ ಬಳಿಯುವ ಬಣ್ಣ ತರಲು ಅವನು ಹೋಗಿದ್ದ.

ಫೆಬ್ರವರಿ ೨೭, ಗುರುವಾರ

ಬರೆಯುವಂಥದ್ದೇನೂ ಇಲ್ಲ. ಒಂದು ಕುರ್ಚಿಯ ಕಾಲಿಗೆ ಸ್ಯಾಂಡ್‌ಪೇಪರ್ ಹಾಕಿದೆ, ಕೈಗೆ ಬೇರೆ ಕೆಲಸವಿಲ್ಲದ್ದರಿಂದ. ಮರದ ಎಳೆಯ ದಿಕ್ಕಿಗೆ ತಿಕ್ಕಬೇಕಂತೆ, ಅಡ್ಡಕ್ಕಲ್ಲ. "ಎಲ್ಲದಕ್ಕೂ ಅಡ್ಡಕ್ಕೇ ಹೋಗ್ತೀರಲ್ಲ ಮಾವ" ಎಂದಳು. ಉದ್ಧಟತನ. ಕಾಲು ಚೆನ್ನಾಗಿ ಬಂದಿದೆ.

ಮಾರ್ಚ್ ೨, ಭಾನುವಾರ

ತಂಗಿ ಬಂದಿದ್ದಳು, ಹೊಸ ಉತ್ಸಾಹದೊಂದಿಗೆ. ಬಂಗಲೆ ಯಾರ ಕೈಗೇ ಹೋಗಲಿ, ಬಾಗಿಲಲ್ಲಿ ಅವನ ಹೆಸರಿನ ಸ್ಮಾರಕ ಫಲಕವಿರಬೇಕಂತೆ. ಹೋಟೆಲಿನವರು ಒಪ್ಪಿದ್ದಾರಂತೆ, ಒಪ್ಪದೆ ಏನು. ಹದಿನಾರಕ್ಕೆ ಅನಾವರಣ, ಅಂದೇ ಕ್ರಯದ ಕರಾರಿಗೆ ಸಹಿ. ಒಂದೇ ಚಹಾದಲ್ಲಿ ಎರಡೂ ಮುಗಿಯುತ್ತದೆ. ಬರಹ: ‘ಕನಸುಗಾರನ ಕನಸಿನ ಮನೆ.’ ಮೂರು ಪದಗಳಲ್ಲಿ ಎರಡು ಕನಸು. ಅವನಿಗೆ ಹಗಲೇ ಸೊಳ್ಳೆ ಕಚ್ಚುತ್ತಿತ್ತು ಎಂದು ತಿದ್ದುಪಡಿ ಸೂಚಿಸಿದೆ.

"ಅಣ್ಣ, ನಿನಗೆ ಏನಾದರೂ ಅನ್ನಿಸುತ್ತಾ ಒಳಗೆ? ಒಂದ್ಸಲನಾದ್ರೂ?"

"ಗಾಳಿ ಬಂದಾಗ ಈ ಕಡೆಯ ಹೆಂಚು ಅಲುಗುತ್ತದೆ ಅನ್ನಿಸುತ್ತದೆ."

ಎದ್ದು ಸೊಸೆಯ ಹತ್ತಿರ ಹೋದಳು. ಇಬ್ಬರೂ ನೀರಿನ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತಿದ್ದರು. ಏನು ಮಾತಾಡಿದರೋ ಕೇಳಿಸಲಿಲ್ಲ. ನಡುವೆ ಗೋಡೆಯಿದೆ.

ಮಾರ್ಚ್ ೬, ಗುರುವಾರ

ನ್ಯಾಯಾಧೀಶರ ಮೊಮ್ಮಗಳು ಬಂದಿದ್ದರು. ನನಗಿಂತ ಹಿರಿಯರು, ಕೋಲಿಲ್ಲದೆ ನಡೆಯುತ್ತಾರೆ. ಮಾರುವ ಸುದ್ದಿ ಕೇಳಿ ಕೊನೆಯ ಸಲ ನೋಡಲು ಬಂದದ್ದಂತೆ. ಸೊಸೆ ನಾನು ತಿಕ್ಕಿದ ಕುರ್ಚಿಯನ್ನೇ ಅವರಿಗೆ ಕೊಟ್ಟಳು. ಗಟ್ಟಿಯಾಗಿ ನಿಂತಿತು ಎಂಬುದನ್ನು ದಾಖಲಿಸಬಯಸುತ್ತೇನೆ.

ಸಾಕ್ಷಿಯೇ ಮನೆಬಾಗಿಲಿಗೆ ಬಂದಿರುವಾಗ ವಿಚಾರಣೆ ಬಿಡುವುದುಂಟೆ. ಬೆಣೆ, ಬಿರುಕು, ಹಸಿಮರ ಎಲ್ಲ ವಿವರಿಸಿ, "ಮುಳುಗಿದ ಕಥೆ ಊರಿನ ಕಟ್ಟುಕಥೆ, ಅಲ್ಲವೇ?" ಎಂದೆ.

"ನಮ್ಮ ಸೋದರತ್ತೆ ಮುಳುಗಿ ಸತ್ತಿದ್ದಲ್ಲ. ಜ್ವರ ಬಂದು ಹೋದ್ರು. ಗೋಡೆ ಅದಕ್ಕೂ ಮುಂಚೆನೇ ಇತ್ತು" ಎಂದರು.

ನಾನು ಸೊಸೆಯ ಕಡೆ ನೋಡಿದೆ, ಗೆದ್ದವನು ತೀರ್ಪುಗಾರರ ಕಡೆ ನೋಡುವಂತೆ.

"ಆದರೆ ಅತ್ತೆ ತೀರಿಹೋದ ವರ್ಷವೇ ಹೊಸ ತೊಲೆ ಬಂದಿತ್ತು" ಎಂದರು ಆಕೆ. "ಬಡಗಿಗಳೂ ಬಂದಿದ್ರು. ತಾತ ವಾಪಸ್ ಕಳಿಸಿಬಿಟ್ರು. ಗೋಡೆ ಇದ್ದ ಹಾಗೇ ಇರಲಿ ಅಂತ. ಅಷ್ಟೇ ಅಂದಿದ್ದು. ಯಾಕೆ ಅಂತ ಕೇಳೋ ಧೈರ್ಯ ಯಾರಿಗಿತ್ತು? ಅತ್ತೆ ಹೆಸರು ಈ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಅಜ್ಜಿ ಮಾತ್ರ ಅಡುಗೆಮನೆ ಸ್ಟೂಲ್ ಮೇಲೆ ಹತ್ತಿ ಗವಾಕ್ಷಿಯಿಂದ ಕೆರೆ ನೋಡ್ತಿದ್ರು. ನಾನು ಚಿಕ್ಕವಳು, ಅಜ್ಜಿಗೆ ಏನೋ ಬೇಕು ಮೇಲಿಂದ ಅಂದ್ಕೊಂಡು, ನಾನು ತೆಗೆದುಕೊಡ್ಲಾ ಅಂತ ಕೇಳ್ತಿದ್ದೆ."

"ಮತ್ತೆ ನಿಮ್ಮ ತಾತ?"

"ತಾತ ಚೆನ್ನಾಗೇ ಇದ್ರು. ತುಂಬ ಒಳ್ಳೆ ಮಾತುಗಾರರು. ಮನೇಲಿ ಯಾರೂ ಅವರ ಜೊತೆ ಮಾತಾಡ್ತಿರ್ಲಿಲ್ಲ, ಅಷ್ಟೇ."

ನ್ಯಾಯಾಧೀಶರ ಈ ತೀರ್ಪಿನಲ್ಲಿ ಗುರುತರ ದೋಷಗಳಿವೆ. ಇತರ ಕಕ್ಷಿದಾರರನ್ನು ಕೇಳಿಲ್ಲ. ಕಾರಣ ದಾಖಲಿಸಿಲ್ಲ. ಮೇಲ್ಮನವಿಗೆ ಅವಕಾಶ ಕೊಟ್ಟಿಲ್ಲ. ಹೆಂಡತಿಯನ್ನು ಸ್ಟೂಲಿನ ಮೇಲೆ ನಿಲ್ಲಿಸಿದ ಮನುಷ್ಯನನ್ನು ಯಾವ ಆಧಾರದ ಮೇಲೆ ಆ ಪೀಠದಲ್ಲಿ ಕೂರಿಸಿದರೋ ತಿಳಿಯದು. ಸಂಜೆಯೆಲ್ಲ ಆತನ ಮೇಲೆ ಸಿಟ್ಟು ಬಂದು ಊಟ ರುಚಿಸಲಿಲ್ಲ. ಗೋಡೆ ಗೋಡೆಯಾಗಿಯೇ ಇದ್ದಾಗ ನನಗೆ ತಕರಾರಿರಲಿಲ್ಲ.

ಊಟದ ಹೊತ್ತಿಗೆ ಸೊಸೆಯನ್ನು ಕೇಳಿದೆ, ಬಣ್ಣದ ಅಂಗಡಿಗೆ ಹೊರಡುವಾಗ ಅವನು ಏನಂದ ಎಂದು. ಯಾಕೆ ಕೇಳಿದೆನೋ. "ನೀಲಿ ಬೇಡ, ನೀಲಿ ತಂದ್ರೆ ನಿಮ್ಮ ಮೈಗೇ ಬಳ್ಕೊಳ್ಳಿ ಅಂದೆ ನಾನು. ನೀಲಿನೇ ತರ್ತೀನಿ ಅಂತ ಹೋದ್ರು" ಎಂದಳು. ಆಮೇಲೆ ಬಹಳ ಹೇಳಿದಳು. ಅವನು ನಕ್ಷೆಯ ಅಂಚಿನಲ್ಲಿ ನನ್ನ ಚಿತ್ರ ಬರೆಯುತ್ತಿದ್ದನಂತೆ, ಭಾಷಣದ ಭಂಗಿಯಲ್ಲಿ, ಬಾಯಿ ಗೋಪುರದಷ್ಟು ದೊಡ್ಡದಾಗಿ. ಮಗನ ಕೈಬರಹ ಚೆನ್ನಾಗಿತ್ತು, ಚಿತ್ರವೂ ಚೆನ್ನಾಗಿಯೇ ಇದ್ದಿರಬೇಕು.

ಮಾರ್ಚ್ ೯, ಭಾನುವಾರ

ಮೂರನೆಯ ಮಂಡನೆ. ದೋಣಿಮನೆಯಲ್ಲಿ ಅವಳು ಒಂದು ತೊಟ್ಟಿಲಿನ ಕಂಬ ಕೂರಿಸುತ್ತಿದ್ದಳು, ಯಾರದೋ ಆರ್ಡರು. ಎದ್ದು ನಿಲ್ಲಲಿಲ್ಲ ನಾನು, ಕುಳಿತೇ ಹೇಳಿದೆ.

"ಈ ಮನೆ ಬೇಕಿರುವುದು ಅವನ ನೆನಪಿಗಲ್ಲ. ಅವನು ಒಪ್ಪುವ ಮೊದಲೇ ನಿನಗೆ ಇದು ಬೇಕಿತ್ತು, ಅವನಿಲ್ಲದಿದ್ದರೂ ಬೇಕು. ಊರಿಗೆ ನೀನೀಗ ಸತ್ತವನ ಹೆಂಡತಿ, ಬೇರೇನೂ ಅಲ್ಲ. ಎಲ್ಲಿ ಹೋದರೂ ತಲೆಯಿಂದ ಕಾಲಿನ ತನಕ ನೋಡಿ ನಿಟ್ಟುಸಿರು ಬಿಡುತ್ತಾರೆ. ಈ ಮನೆಗೆ ಮಾತ್ರ ನಿನ್ನಿಂದ ಬೇಕಿರುವುದು ಕೆಲಸ. ಇದನ್ನು ಮಾರಿದರೆ ಗಂಡನ ಜೊತೆ ನೀನೂ ಮುಗಿದ ಹಾಗೆ. ಅವನು ಹೋಗಿದ್ದಾನೆ. ನೀನು ಹೋಗಿಲ್ಲ. ಇದು ನಿನ್ನ ವಾದ."

ಅವಳು ತೊಟ್ಟಿಲಿನ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ಅದರ ಗೂಡಿಗೆ ಒತ್ತಿ ಕೂರಿಸಿದಳು.

"ಹೂಂ" ಎಂದಳು. "ಇದೇ. ಇಷ್ಟು ಚೆನ್ನಾಗಿ ನನಗೂ ಹೇಳೋಕೆ ಬರ್ತಿರ್ಲಿಲ್ಲ."

"ಗೊತ್ತು."

"ಈಗ ನಿಮ್ಮ ಸರದಿ. ಹೇಳಿ, ಯಾಕೆ ಮಾರ್ಬೇಕು?"

ನನ್ನ ವಾದವನ್ನು ಕಾಯ್ದಿರಿಸಿದ್ದೇನೆಂದು ತಿಳಿಸಿದೆ. ಚರ್ಚಾಕೂಟದ ನಿಯಮಾವಳಿಯಲ್ಲಿ ಇದಕ್ಕೆ ಅವಕಾಶವಿದೆ, ಅಥವಾ ಇರಬೇಕಿತ್ತು. ಚಹಾ ಮಾಡ್ತೀನಿ ಎಂದು ಒಳಗೆ ಹೋದಳು. ಬರಲು ಬಹಳ ಹೊತ್ತಾಯಿತು, ಬಂದಾಗ ಚಹಾ ಆರಿತ್ತು. ಕುಡಿದೆ. ದೂರಲಿಲ್ಲ.

ಮಾರ್ಚ್ ೧೩, ಗುರುವಾರ

ಇಂದು ತೊಲೆ ಏರಿಸಿದರು. ಸರಪಳಿ, ರಾಟೆ, ಆರು ಆಳು, ಅವರ ನಡುವೆ ಸೊಸೆ. ಮೇಸ್ತ್ರಿ ನನ್ನನ್ನು ದೂರ ನಿಲ್ಲಿಸಲು ಒಂದು ಹುದ್ದೆ ಸೃಷ್ಟಿಸಿದ: ಮಟ್ಟದ ಕೊಳವೆಯಲ್ಲಿ ಗುಳ್ಳೆ ನಡುವೆ ಬಂದಾಗ ಕೂಗುವುದು. ಇಡೀ ಕಾರ್ಯಾಚರಣೆ ನನ್ನ ಕೂಗಿನ ಮೇಲೆ ನಿಂತಿತ್ತೆಂದರೆ ಉತ್ಪ್ರೇಕ್ಷೆಯಲ್ಲ. ಒಮ್ಮೆ ಸರಪಳಿ ಜಾರಿ ನಮ್ಮ ತೊಲೆ ಒಂದು ಗೇಣು ಇಳಿಯಿತು. ಎಲ್ಲರೂ ಹಿಂದೆ ಸರಿದರು, ಸೊಸೆ ಸರಿಯಲಿಲ್ಲ. "ಬಾರೇ ಈಚೆಗೆ" ಎಂದು ಯಾರೋ ಗಟ್ಟಿಯಾಗಿ ಅರಚಿದರು. ನಾನೇ ಎಂದು ಆಮೇಲೆ ಹೇಳಿದರು. ನಾನು ಸೊಸೆಯನ್ನು ಹಾಗೆ ಕರೆದದ್ದಿಲ್ಲ. ಮೇಸ್ತ್ರಿಗೆ ಕಿವಿ ಮಂದ.

ಗುಳ್ಳೆ ನಡುವೆ ಬಂತು. ತೊಲೆ ಕುಳಿತಿತು.

ಎಲ್ಲರೂ ಹೋದ ಮೇಲೆ ಅವಳು ಏಣಿ ಹತ್ತಿ ಹಳೆಯ ಬೆಣೆಗಳನ್ನು ಒಂದೊಂದಾಗಿ ಹೊರಗೆಳೆದಳು. ಗೋಡೆಯ ತಲೆಯ ಮೇಲೆ ಕೈ ತೂರುವಷ್ಟು ಸಂದು, ಅದರಲ್ಲಿ ಆಚೆಯ ಬೆಳಕು. ಇನ್ನು ಆ ಗೋಡೆ ಏನನ್ನೂ ಹೊತ್ತಿಲ್ಲ.

ಕೆಳಗಿಳಿದು ಕೈ ಒರೆಸಿಕೊಂಡು ಕೇಳಿದಳು: "ಒಡೀಲಾ ಮಾವ? ಮನೆ ನಿಮ್ಮದು. ನೀವು ಹೂಂ ಅಂದ್ರೆ ನಾಳೆ ಶುರು ಮಾಡ್ತೀನಿ."

ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಉತ್ತರ ಕೊಡಬಹುದಿತ್ತು. ತೊಲೆ ಅವಳದು, ಬೆಣೆ ಕಿತ್ತ ಕೈ ಅವಳದು, ಹಟ ಅವಳದು, ಅದಕ್ಕಾಗಿ ನನ್ನೆದುರು ಸುಳ್ಳು ಹೇಳಿ ಗೆದ್ದ ಗಂಡ ಅವಳವನು. ನನ್ನದು ಎಂದರೆ ಕ್ರಯಪತ್ರದ ಒಂದು ವಾಕ್ಯ. ಅದೂ ಅವನಿಗೆಂದು ಬರೆದದ್ದು.

"ನೋಡೋಣ" ಎಂದೆ. ಜೀವನದಲ್ಲಿ ನಾನು ಆಡಿದ ಅತ್ಯಂತ ಕಳಪೆ ಮಾತು.

ಮಾರ್ಚ್ ೧೪, ಶುಕ್ರವಾರ

ಮೊದಲ ಬಸ್ಸಿಗೆ ಊರಿಗೆ ಹೋಗಿ ಹಳೆಯ ಕಚೇರಿಯಲ್ಲಿ ಕೆಲಸ ಮುಗಿಸಿ ಬಂದೆ. ಹೊಸ ಉಪನೋಂದಣಾಧಿಕಾರಿಗೆ ನನ್ನ ಕರಡಿನಲ್ಲಿ ಏನೋ ಕೊರತೆ ಕಂಡಿತು. "ಷರತ್ತು ಒಂದೂ ಇಲ್ವಲ್ಲ ಸರ್? ಮುಂದೆ ಏನಾದ್ರೂ ಆದ್ರೆ?" ಎಂದ. ಆಗುವುದನ್ನೆಲ್ಲ ನಾನೇ ಮೊದಲು ಊಹಿಸಿ ಬರೆಯುವ ಹವ್ಯಾಸ ಬಿಟ್ಟಿದ್ದೇನೆ ಎಂದೆ. ಅರ್ಥವಾದಂತೆ ತಲೆಯಾಡಿಸಿದ, ಕಚೇರಿಯ ಗುಣಮಟ್ಟವೂ ಇಳಿದಿದೆ.

ಮಾರ್ಚ್ ೧೫, ಶನಿವಾರ

ನಾಳೆಗೆಂದು ಹಜಾರದಲ್ಲಿ, ಗೋಡೆಯ ಈಚೆ, ತಂಗಿ ಕುರ್ಚಿ ಹಾಕಿಸಿದ್ದಾಳೆ. ಕಳೆದ ಬಾರಿ ಬಂದವರೆಲ್ಲ ಬರುತ್ತಾರಂತೆ, ನನ್ನ ಮಾತು ಕೇಳಿದ ಮೇಲೂ. ಜನರ ಸಹನೆಯನ್ನು ನಾನು ಕಡಿಮೆ ಅಂದಾಜು ಮಾಡಿದ್ದೆ. ನಾಳೆ ಹೇಳಬೇಕಾದದ್ದನ್ನು ಇಲ್ಲಿಯೇ ಬರೆದುಕೊಳ್ಳುತ್ತೇನೆ, ಧ್ವನಿ ಕೈಕೊಟ್ಟರೆ ಓದಲು. ಕೈಕೊಡುವ ಸಂಭವವಿಲ್ಲ.

‘ಫಲಕದ ಮೇಲಿನ ಬಟ್ಟೆ ತೆಗೆಯುವ ಶ್ರಮ ಬೇಡ. ಫಲಕ ಇರುವುದಿಲ್ಲ. ನನ್ನ ಮಗನಿಗೆ ಈ ಮನೆ ಹಿಡಿಸುತ್ತಿರಲಿಲ್ಲ. ಹಿಡಿಸದ ಮನೆಗೆ ಸತ್ತ ಮೇಲೆ ಕಾವಲು ನಿಲ್ಲಿಸುವುದು ಸರಿಯಲ್ಲ. ಅವನು ಕೆರೆಯಲ್ಲಿ ಮುಳುಗಲಿಲ್ಲ. ನೀಲಿ ಬಣ್ಣ ಕೊಳ್ಳಲು ಹೋಗಿದ್ದ, ಬೇಡವೆಂದು ಹೆಂಡತಿ ಹೇಳಿದ ಮೇಲೂ. ಅವನ ವಿಷಯ ಯಾರಿಗಾದರೂ ಹೇಳಲಿಕ್ಕಿದ್ದರೆ ಇಂದು ಹೇಳಬಹುದು. ನಾನು ಕುಳಿತು ಕೇಳುತ್ತೇನೆ. ಖಂಡಿಸುವುದಿಲ್ಲ.

‘ಹೋಟೆಲಿನವರ ಕ್ಷಮೆ ಕೋರುತ್ತೇನೆ. ಕರಾರಿಗೆ ನನ್ನ ಸಹಿ ಆಗುವುದಿಲ್ಲ. ಮೊನ್ನೆ ಬೇರೊಂದು ಪತ್ರಕ್ಕೆ ಸಹಿ ಹಾಕಿದ್ದೇನೆ. ಈ ಮನೆಯನ್ನೂ, ದೋಣಿಮನೆಯನ್ನೂ, ನೀರಿಗಿಳಿಯುವ ಮೆಟ್ಟಿಲುಗಳನ್ನೂ ನನ್ನ ಸೊಸೆಗೆ ದಾನವಾಗಿ ಬರೆದಿದ್ದೇನೆ. ಷರತ್ತುಗಳಿಲ್ಲ. ಈ ಗೋಡೆ ಇರುವುದೋ ಬೀಳುವುದೋ ಅವಳಿಗೆ ಬಿಟ್ಟದ್ದು. ನನ್ನ ತಂಗಿಯನ್ನು ಕೇಳಿ ಈ ತೀರ್ಮಾನ ಮಾಡಲಿಲ್ಲ. ಸೊಸೆಯನ್ನೂ ಕೇಳಲಿಲ್ಲ, ಅವಳು ಇದನ್ನು ಕೇಳುತ್ತಿರುವುದು ನಿಮ್ಮ ಜೊತೆಯಲ್ಲೇ, ಈಗಲೇ. ಅದಕ್ಕಾಗಿ ಅವಳು ನನಗೆ ಬೈಯಬಹುದು, ಬೈಯುತ್ತಾಳೆ. ದಾನ ಪಡೆಯುವವರು ಒಪ್ಪಿ ಸಹಿ ಹಾಕುವ ಜಾಗ ಪತ್ರದಲ್ಲಿ ಖಾಲಿಯಿದೆ. ಹಾಕದಿರುವ ಹಕ್ಕೂ ಅವಳಿಗಿದೆ.

‘ಅವಳು ಸಹಿ ಹಾಕಿದಲ್ಲಿ ಉತ್ತರದ ಕೋಣೆಯೂ ಅವಳದೇ. ಅಲ್ಲಿದ್ದ ನನ್ನ ಸಾಮಾನು ಕಟ್ಟಿ ಬಾಗಿಲ ಬಳಿ ಇಟ್ಟಿದ್ದೇನೆ. ನಾನು ಇಲ್ಲಿಯೇ ಇರಬೇಕೆಂದು ತೀರ್ಮಾನಿಸಿದ್ದೇನೆ, ಮಾಲಕಿ ಇರು ಎಂದರೆ.’